ಅಕ್ಕನ ಮಂಡಿ, ನನ್ನ ಡ್ರೋನಿನ ರೆಕ್ಕೆ

ಬಿದ್ದದ್ದು ನನ್ನ ಡ್ರೋನು. ಕ್ಯಾನ್ಸಲ್ ಆಗಿದ್ದು ಅಕ್ಕನ ಮಂಡಿಯ ಆಪರೇಷನ್.

ಇವೆರಡಕ್ಕೂ ಏನು ಸಂಬಂಧ ಎಂದು ನೀವು ಕೇಳುತ್ತೀರಿ. ದಿನಾಂಕ ಬೇಡವೆಂದು ಫೋನ್ ಮಾಡಿದಾಗ ಆಸ್ಪತ್ರೆಯ ರಿಸೆಪ್ಷನಿಸ್ಟ್ ಕೂಡ ಕಾರಣ ಕೇಳಿದರು. "ಪರ್ಸನಲ್" ಎಂದು ತಪ್ಪಿಸಿಕೊಂಡೆ. "ಗುರುವಾರ ಸಂಜೆಯವರೆಗೆ ನಿಮ್ಮ ಸ್ಲಾಟ್ ಇಟ್ಟಿರ್ತೀನಿ ಸರ್, ಆಮೇಲೆ ಬೇರೆಯವರಿಗೆ ಕೊಡ್ತೀವಿ. ಮತ್ತೆ ಸಿಗೋದು ಸಂಕ್ರಾಂತಿ ಕಳೆದ ಮೇಲೇ" ಎಂದರು. ಅದು ಮಂಗಳವಾರದ ಸಂಜೆ. ಎರಡು ದಿನ ಕೈಯಲ್ಲಿತ್ತು.

ಮೊದಲಿನಿಂದ ಹೇಳುತ್ತೇನೆ.

ನನಗೆ ಐವತ್ತಾರು. ಈ ವಯಸ್ಸಿಗೆ ಪತ್ರಿಕೆಯ ನನ್ನ ಸಹೋದ್ಯೋಗಿಗಳಲ್ಲಿ ಕೆಲವರು ವಾಕಿಂಗ್ ಹಿಡಿದರು, ಕೆಲವರು ಅಧ್ಯಾತ್ಮ ಹಿಡಿದರು. ನಾನು ರಿಮೋಟ್ ಹಿಡಿದೆ. ಅಂಗೈಗಿಂತ ತುಸು ದೊಡ್ಡದಾದ ಡ್ರೋನು, ನಾಲ್ಕು ರೆಕ್ಕೆ, ಒಂದು ಕ್ಯಾಮೆರಾ. ರಾಮನಗರದ ನನ್ನ ಮನೆಯ ಮೇಲೆ ಕರೆಂಟಿನ ತಂತಿ, ಅದರ ಮೇಲೆ ಕೇಬಲ್ ತಂತಿ, ನಡುವೆ ಯಾರದೋ ಗಾಳಿಪಟ. ಹಾಗಾಗಿ ಭಾನುವಾರಗಳಲ್ಲಿ ಚನ್ನಪಟ್ಟಣ ದಾಟಿ ಹೊಂಗನೂರಿಗೆ ಹೋಗಿ, ಅಕ್ಕನ ಹಿಪ್ಪುನೇರಳೆ ತೋಟದ ಮೇಲೆ ಹಾರಿಸುವುದು ರೂಢಿ. ಅಕ್ಕ ಜಗಲಿಯ ಮೇಲೆ ಕಾಲು ಚಾಚಿ ಕೂತು ನೋಡುತ್ತಾಳೆ. ಕಾಲು ಮಡಿಸಲು ಅವಳಿಗೆ ಆಗುವುದಿಲ್ಲ. ಮೂವತ್ತು ವರ್ಷ ಬಗ್ಗಿ ಸೊಪ್ಪು ಕೊಯ್ದು, ರೇಷ್ಮೆ ಹುಳಕ್ಕೆ ಮೇವು ಹಾಕಲು ಕೂತು ಎದ್ದು ಸವೆದ ಮಂಡಿ ಅದು.

ದಸರೆಗೆ ಒಂದು ತಿಂಗಳ ಮುಂಚೆ ಡ್ರೋನು ತೆಂಗಿನ ಗರಿಗೆ ಬಡಿದು ಎರಡು ರೆಕ್ಕೆ ಮುರಿದವು. ಅದೇ ವಾರ ಅಕ್ಕನನ್ನು ಬೆಂಗಳೂರಿನ ಮೂಳೆ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅವರು ಎಕ್ಸ್‌ರೇ ನೋಡಿ, ಮಂಡಿ ಬದಲಿಸಬೇಕು ಎಂದರು. ಆಮೇಲೆ ಡ್ರಾಯರ್ ಎಳೆದು, ಬಳೆ ಅಂಗಡಿಯವರು ಬಳೆ ಹರಡುವಂತೆ ಎರಡು ಲೋಹದ ಮಂಡಿಗಳನ್ನು ಮೇಜಿನ ಮೇಲೆ ಇಟ್ಟರು. ಒಂದು ಫಾರಿನ್ನು, ಒಂದು ನಮ್ಮ ದೇಶದ್ದು.

"ನಿಮ್ಮ ಕಾಲಿಗೆ ಎರಡೂ ಸರಿಹೋಗುತ್ತೆ. ಯಾವುದು ಬೇಕು ಯೋಚನೆ ಮಾಡಿ ಹೇಳಿ" ಎಂದರು.

ಅಕ್ಕ ಎರಡನ್ನೂ ಕೈಗೆತ್ತಿಕೊಂಡು ತೂಗಿ ನೋಡಿದಳು. "ಇದ್ರಾಗೆ ಒರಿಜಿನಲ್ಲು ಯಾವ್ದು ಸಾರ್?"

"ಒರಿಜಿನಲ್ ನಿಮ್ಮ ಹತ್ತಿರಾನೇ ಇದೆಯಲ್ಲಮ್ಮ. ಅದೇ ಕೆಟ್ಟಿರೋದು" ಎಂದರು ಡಾಕ್ಟರು.

ವಾಪಸ್ ಬರುವಾಗ ಬಿಡದಿಯಿಂದ ರಾಮನಗರದವರೆಗೆ ನಾನು ಉಪನ್ಯಾಸ ಕೊಟ್ಟೆ. ದೇಹದ ವಿಷಯದಲ್ಲಿ ರಾಜಿ ಕೂಡದು. ಅಗ್ಗದ್ದು ಆಮೇಲೆ ದುಬಾರಿಯಾಗುತ್ತದೆ. ಫಾರಿನ್ನೇ ಒರಿಜಿನಲ್ಲು, ಅದನ್ನೇ ಹಾಕಿಸಿಕೊ. (ಇಷ್ಟನ್ನೂ ಯಾವ ಆಧಾರದ ಮೇಲೆ ಹೇಳಿದೆ? ಯಾವ ಆಧಾರವೂ ಇರಲಿಲ್ಲ. ಸುದ್ದಿಮನೆಯಲ್ಲಿ ಯಾವನಾದರೂ ರಿಪೋರ್ಟರ್ ಹೀಗೆ ಬರೆದು ತಂದಿದ್ದರೆ ಕಾಪಿ ಹರಿದು ಕೈಗೆ ಕೊಡುತ್ತಿದ್ದೆ.)

"ಓದಿದೋನು ನೀನು. ನೀನೇಳ್ದಂಗೇ ಆಗ್ಲಿ" ಎಂದಳು ಅಕ್ಕ. ದಸರೆಯ ಮುಂದಿನ ಸೋಮವಾರಕ್ಕೆ ಆಪರೇಷನ್ ಎಂದು ನಿಗದಿಯಾಯಿತು.

ಮಾರನೆಯ ದಿನ ನನ್ನ ಡ್ರೋನಿನ ರೆಕ್ಕೆಗಾಗಿ ಚನ್ನಪಟ್ಟಣಕ್ಕೆ ಹೋದೆ. ಹಳೇ ಮೈಸೂರು ರಸ್ತೆಯಲ್ಲಿ ಸಾಲಾಗಿ ಬೊಂಬೆ ಅಂಗಡಿಗಳಿವೆ. "ಒರಿಜಿನಲ್ ಬೊಂಬೆ ಇಲ್ಲಿ ಮಾತ್ರ" ಎಂಬ ಬೋರ್ಡು ಒಂದರ ಪಕ್ಕ ಒಂದು. ಅದೇ ಸಾಲಿನ ಹಿಂದಿನ ಗಲ್ಲಿಯಲ್ಲಿ ಅಫ್ಜಲ್‌ನ ರಿಪೇರಿ ಅಂಗಡಿ. ಅವನ ತಂದೆ ಬುಗುರಿ ಕಡೆಯುತ್ತಿದ್ದವರು. ಅಫ್ಜಲ್ ಮೊಬೈಲು, ಮಿಕ್ಸಿ, ಮದುವೆ ಫೋಟೋದವರ ಡ್ರೋನು, ಎಲ್ಲವನ್ನೂ ಬಿಚ್ಚುತ್ತಾನೆ.

"ಒರಿಜಿನಲ್ ಬೇಕಂದ್ರೆ ಮೂರು ವಾರ ಆಯ್ತದೆ ಸಾರ್. ಬಂದ್ಮೇಲೂ ಅದು ಒರಿಜಿನಲ್ಲೇ ಅಂತ ನಾನು ಗ್ಯಾರಂಟಿ ಕೊಡಕಾಗಲ್ಲ."

"ಇದು?" ಮೇಜಿನ ಮೇಲಿದ್ದ ರೆಕ್ಕೆಗಳನ್ನು ತೋರಿಸಿದೆ.

"ಇದು ಡೂಪ್ಲಿಕೇಟು. ಅದಕ್ಕೆ ಗ್ಯಾರಂಟಿ ಕೊಡ್ತೀನಿ."

ಇಷ್ಟು ಪ್ರಾಮಾಣಿಕವಾದ ಮಾರಾಟದ ಮಾತನ್ನು ನಾನು ಈ ಜಿಲ್ಲೆಯಲ್ಲಿ ಕೇಳಿರಲಿಲ್ಲ. ನಾಲ್ಕೂ ರೆಕ್ಕೆ ಹೊಸದು ಹಾಕು ಎಂದೆ. ಅಫ್ಜಲ್ ಸುಮ್ಮನೆ ಹಾಕಲಿಲ್ಲ. ಒಂದೊಂದು ರೆಕ್ಕೆಯ ನಡುವಿನ ತೂತಿಗೂ ಸೂಜಿ ತೂರಿಸಿ, ಎರಡು ಲೋಟಗಳ ಅಂಚಿನ ಮೇಲೆ ಆ ಸೂಜಿಯನ್ನು ಅಡ್ಡ ಇಟ್ಟ. ರೆಕ್ಕೆ ಒಂದು ಕಡೆಗೆ ವಾಲಿದರೆ ಆ ಕಡೆಯ ಅಂಚನ್ನು ಉಪ್ಪು ಕಾಗದದಲ್ಲಿ ಒಂದೆರಡು ಸಲ ಉಜ್ಜಿದ. ಮತ್ತೆ ಇಟ್ಟ. ಮತ್ತೆ ಉಜ್ಜಿದ. ನಾಲ್ಕೂ ರೆಕ್ಕೆ ಅಡ್ಡಡ್ಡ ನಿಲ್ಲುವವರೆಗೆ ನನ್ನನ್ನು ಬಿಡಲಿಲ್ಲ.

"ನಮ್ಮಪ್ಪ ಬುಗುರೀನ ಹಿಂಗೇ ನೋಡ್ತಿದ್ರು ಸಾರ್. ನಡುಗೋ ಬುಗುರಿ ಮಾರಬಾರದು ಅನ್ನೋರು. ಕಂಪನಿಯೋರು ಒಂದೊಂದ್ನೂ ಹಿಂಗೆ ಕೂತ್ಕೊಂಡು ನೋಡ್ತಾರೇನು?"

ನಾನು ಮನೆಗೆ ಬಂದೆ. ಅಕ್ಕನಿಗೆ ಏನೂ ಹೇಳಲಿಲ್ಲ. ಮುಚ್ಚಿಡಬೇಕು ಅಂತಲ್ಲ. ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. (ಮುಚ್ಚಿಡುವವರೆಲ್ಲ ಹೇಳುವುದು ಇದನ್ನೇ.)

ಆಯುಧಪೂಜೆಗೆ ಹೊಂಗನೂರಿಗೆ ಹೋದೆ. ಅಕ್ಕನ ಮನೆಯಲ್ಲಿ ಆ ದಿನ ಯಾವ ವಸ್ತುವೂ ಪೂಜೆಯಿಂದ ಪಾರಾಗುವುದಿಲ್ಲ. ಭಾವನ ಮೊಪೆಡ್, ಔಷಧಿ ಹೊಡೆಯುವ ಸ್ಪ್ರೇಯರ್, ಸೊಪ್ಪಿನ ಕತ್ತಿ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ, ಮಿಕ್ಸಿ, ಕೊನೆಗೆ ಟಿವಿ ರಿಮೋಟು ಕೂಡ ವಿಭೂತಿ ಬಳಿಸಿಕೊಂಡು ಸಾಲಾಗಿ ಕೂತಿರುತ್ತವೆ. ಈ ಸಲ ಆ ಸಾಲಿನ ತುದಿಗೆ ನನ್ನ ಡ್ರೋನೂ ಸೇರಿತು. ಅಕ್ಕ ಅದಕ್ಕೆ ಕುಂಕುಮ ಇಟ್ಟು, ರೆಕ್ಕೆ ಕೂತಿರುವ ನಾಲ್ಕೂ ಕೈಗಳಿಗೆ ಸುತ್ತಿ ಬರುವಂತೆ ಸೇವಂತಿಗೆ ಹಾರ ಕಟ್ಟಿದಳು.

"ನಿಂಬೆಹಣ್ಣಿನ ಮೇಲೆ ಹತ್ತಿಸ್ಬೇಕಲ್ಲ ಬಾಮೈದ, ಇದಕ್ಕೆ ಚಕ್ರ ಎಲ್ಲೈತೆ?" ಎಂದರು ಭಾವ. ಉತ್ತರಕ್ಕೆ ಕಾಯದೆ ಡ್ರೋನನ್ನು ಕೈಯಲ್ಲಿ ಹಿಡಿದು ನಿಂಬೆಹಣ್ಣಿನ ಮೇಲೆ ಮೂರು ಸಲ ಒತ್ತಿದರು. ನಿಂಬೆಹಣ್ಣಿಗೆ ಏನೂ ಆಗಲಿಲ್ಲ.

ಆಮೇಲೆ ಕನ್ನಡಕ ಏರಿಸಿ ರೆಕ್ಕೆಯನ್ನು ನೋಡಿದರು. "ಇದು ಬ್ಯಾರೆ ಅಲ್ವಾ? ಮದ್ಲಿಂದು ಬೂದು ಬಣ್ಣ ಇತ್ತು."

ಭಾವನ ಕಣ್ಣು ತಪ್ಪಿಸುವುದು ಕಷ್ಟ. ತೋಟಕ್ಕೆ ಬರುವ ಮುಂಚೆ ಹನ್ನೆರಡು ವರ್ಷ ಬಿಡದಿ ಕಡೆಯ ಒಂದು ಬಿಡಿಭಾಗದ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಸೆಕ್ಷನ್‌ನಲ್ಲಿದ್ದವರು. ನಾನು ಒಪ್ಪಿಕೊಂಡೆ. ಅವರು ನಕ್ಕರು.

"ಇರ್ಲಿ ಬುಡು. ಒಂದೇ ಅಚ್ಚಲ್ಲಿ ಬಂದಿದ್ದ ಒಂದಷ್ಟನ್ನ ಬಣ್ಣದ ಡಬ್ಬಕ್ಕೆ ಹಾಕ್ತಿದ್ದೆ, ಒಂದಷ್ಟನ್ನ ಬಿಳಿ ಡಬ್ಬಕ್ಕೆ ಹಾಕ್ತಿದ್ದೆ. ಬಣ್ಣದ್ದು ಶೋರೂಮಿಗೆ, ಬಿಳೀದು ಅಂಗಡಿಗೆ. ಜನ ಬಂದು ಡಬ್ಬ ನೋಡಿ ಜಗಳ ಆಡೋರು ಕಣಪ್ಪ."

ಒಳಗಿನಿಂದ ಅಕ್ಕನ ದನಿ ಬಂತು. "ಏನ್ಲಾ ಅದು ಡಬ್ಬದ ಮಾತು?"

ಭಾವ ಹೇಳಿಬಿಟ್ಟರು. ಅಕ್ಕ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತಳು. ನನ್ನನ್ನು ನೋಡಿದಳು. ಡ್ರೋನನ್ನು ನೋಡಿದಳು.

"ನನ್ ಮಂಡಿಗೆ ಒರಿಜಿನಲ್ಲು ಅಂತ ದಾರಿಯುದ್ದಕ್ಕೂ ಪುರಾಣ ಏಳ್ದೆ. ನಿನ್ ಆಟದ ಸಾಮಾನಿಗೆ ಮಾತ್ರ ಡೂಪ್ಲಿಕೇಟಾ?"

"ಇದು ಹಾಗಲ್ಲಕ್ಕ…"

"ಎಂಗೆ ಮತ್ತೆ?"

ನೀವೇ ಹೇಳಿ. ಕುಕ್ಕರಿನ ಗ್ಯಾಸ್ಕೆಟ್, ಮಿಕ್ಸಿಯ ಜಾರು, ಫೋನಿನ ಗಾಜು, ಇವನ್ನೆಲ್ಲ ನಾವು ಯಾವ ನಿಯಮದ ಮೇಲೆ ಕೊಳ್ಳುತ್ತೇವೆ? ನನ್ನ ಮಟ್ಟಿಗೆ ನಿಯಮ ಒಂದೇ. ಬೇರೆಯವರಿಗೆ ಸಲಹೆ ಕೊಡುವಾಗ ಒರಿಜಿನಲ್, ನಾನೇ ಕೊಳ್ಳುವಾಗ ಸಿಕ್ಕಿದ್ದು.

ಮಾರನೆಯ ದಿನ ವಿಜಯದಶಮಿ. ಬೆಳಿಗ್ಗೆ ಭಾವ ಹಾರವನ್ನು ಬಿಚ್ಚಲು ನೋಡಿದರು. ಗಂಟು ಜಗ್ಗಲಿಲ್ಲ. ಸೊಪ್ಪಿನ ಕತ್ತಿಯಲ್ಲಿ ಕುಯ್ದು ಹೂವನ್ನೆಲ್ಲ ಎಳೆದುಹಾಕಿದರು. ನಾನು ಡ್ರೋನು ಹಾರಿಸಿದೆ. ಅಕ್ಕ ಜಗಲಿಯಲ್ಲಿ ಕೂತಿದ್ದಳು. ಆದರೆ ಎಂದಿನ ಹಾಗೆ ತೋಟವನ್ನಾಗಲಿ ಫೋನಿನ ಪರದೆಯನ್ನಾಗಲಿ ನೋಡುತ್ತಿರಲಿಲ್ಲ. ರೆಕ್ಕೆಗಳನ್ನೇ ನೋಡುತ್ತಿದ್ದಳು.

ತೋಟದ ಮೇಲೆ ಎರಡು ಸುತ್ತು ಚೆನ್ನಾಗಿ ಹಾರಿತು. ಮೂರನೆಯ ಸುತ್ತಿಗೆ ಒಂದು ಮೂಲೆಗೆ ವಾಲಿತು, ಮಗುಚಿಕೊಂಡಿತು, ಹಿಪ್ಪುನೇರಳೆ ಸಾಲಿನ ನಡುವೆ ಬಿತ್ತು.

ಆಮೇಲೆ ಅಕ್ಕ ಎರಡೂ ಕೈಯನ್ನು ಮಂಡಿಯ ಮೇಲಿಟ್ಟುಕೊಂಡು ಹೇಳಿದಳು.

"ಬದಲಾಯ್ಸಿದ ಸಾಮಾನು ಇಷ್ಟೇಯಾ. ಇದು ಸೊಪ್ಪಿನ ಮೇಲೆ ಬಿತ್ತು. ನಾನು ಬಾವಿ ಕಟ್ಟೆ ತಾವ ಬಿದ್ರೆ? ನಂಗೆ ಫಾರಿನ್ನೂ ಬ್ಯಾಡ, ಇಲ್ಲೀದೂ ಬ್ಯಾಡ. ಫೋನ್ ಮಾಡಿ ಏಳ್ಬುಡು."

ನಾನೂ ಭಾವನೂ ಸಂಜೆಯವರೆಗೆ ವಾದಿಸಿದೆವು. ಅವಳು ಕರಗಲಿಲ್ಲ. ಕೊನೆಗೆ ಫೋನ್ ಮಾಡಿದೆ. ರಾಮನಗರಕ್ಕೆ ಬಂದವನೇ ಸಿಟ್ಟಿನಲ್ಲಿ ಈ ಅಂಕಣ ಬರೆಯಲು ಕೂತೆ. ಆಗಿನ ಶೀರ್ಷಿಕೆ: "ಅಗ್ಗದ ರೆಕ್ಕೆ ನಂಬಿ ಕೆಟ್ಟೆ". ಮುಕ್ಕಾಲು ಭಾಗ ಮುಗಿದಿತ್ತು. ಆಗ ಒಂದು ಸಣ್ಣ ಸಂಗತಿ ನೆನಪಾಯಿತು. ಬಿದ್ದ ಡ್ರೋನನ್ನು ನಾನು ಚೀಲಕ್ಕೆ ಹಾಕಿಕೊಂಡು ಬಂದಿದ್ದೆನೇ ಹೊರತು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ.

ಮೂವತ್ತು ವರ್ಷ ಬೇರೆಯವರ ಕಾಪಿಯ ಅಂಚಿನಲ್ಲಿ ಕೆಂಪು ಪೆನ್ನಿನಿಂದ "ಸ್ಥಳಕ್ಕೆ ಹೋಗಿದ್ದೆಯಾ?" ಎಂದು ಬರೆದವನು ನಾನು.

ಬುಧವಾರ ಅಫ್ಜಲ್ ಡ್ರೋನನ್ನು ಬೆಳಕಿಗೆ ಹಿಡಿದ. "ನಾಲ್ಕು ರೆಕ್ಕೆಗೂ ಏನೂ ಆಗಿಲ್ಲವಲ್ಲ ಸಾರ್. ಗೀರು ಕೂಡ ಬಿದ್ದಿಲ್ಲ." ಒಂದು ರೆಕ್ಕೆಯನ್ನು ಬೆರಳಿನಿಂದ ತಿರುಗಿಸಲು ನೋಡಿದ. ತಿರುಗಲಿಲ್ಲ. ಅದನ್ನು ಬಿಚ್ಚಿ, ಕೆಳಗಿನ ಮೋಟಾರಿನೊಳಗೆ ಚಿಮಟ ಇಳಿಸಿ ಎಳೆದ. ಎಳೆಯುತ್ತಲೇ ಹೋದ. ಒಂದು ಗೇಣು, ಇನ್ನೊಂದು ಗೇಣು. ತುದಿಯಲ್ಲಿ ಸೇವಂತಿಗೆಯ ಒಂದು ಎಸಳು.

"ಇದು ಯಾವ ಕಂಪನಿ ಪಾರ್ಟು ಸಾರ್?"

ಭಾವ ಹಾರ ಕುಯ್ದಾಗ ಗಂಟಿನ ಕಡೆಯ ದಾರದ ತುಂಡು ಡ್ರೋನಿನ ಕೈಯಲ್ಲೇ ಉಳಿದಿತ್ತು. ಹಾರುತ್ತ ಹಾರುತ್ತ ಅದು ಮೋಟಾರಿಗೆ ಸುತ್ತಿಕೊಂಡಿತ್ತು. ಅಫ್ಜಲ್ ಆ ದಾರವನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದ. "ಅಂಗಡಿ ನೂಲಾಗಿದ್ರೆ ಪಟ್ ಅಂತ ಕಿತ್ತೋಗ್ತಿತ್ತು. ಮೋಟಾರಿಗೆ ಏನೂ ಆಗ್ತಿರಲಿಲ್ಲ. ಇದು ರೇಷ್ಮೆ ಸಾರ್, ಕೈಯಲ್ಲಿ ಹೊಸೆದಿರೋದು."

ಗೊತ್ತಾಯಿತು. ಮಾರಲು ಬಾರದ ಗೂಡುಗಳನ್ನು ಅಕ್ಕ ಬಿಸಾಡುವುದಿಲ್ಲ. ಬಿಸಿನೀರಿಗೆ ಹಾಕಿ, ಎಳೆ ತೆಗೆದು, ತೊಡೆಯ ಮೇಲೆ ಹೊಸೆದು ದಾರ ಮಾಡಿಟ್ಟುಕೊಳ್ಳುತ್ತಾಳೆ. ದೇವರ ಹೂವಿಗೆ ಆ ದಾರವೇ ಆಗಬೇಕು.

ಅಂದರೆ, ಆ ಡ್ರೋನಿನ ಮೇಲಿದ್ದ ಒಂದೇ ಒಂದು ಒರಿಜಿನಲ್ ವಸ್ತುವೇ ಅದನ್ನು ಬೀಳಿಸಿತ್ತು.

ಗುರುವಾರ ಬೆಳಿಗ್ಗೆ ಹೊಂಗನೂರಿಗೆ ಹೋದೆ. ಭಾವ ಬೇಲಿಯ ಬಳಿಯೇ ತಡೆದರು. ವಿಷಯ ಕೇಳಿ ಅವರ ಮುಖ ಸಣ್ಣಗಾಯಿತು.

"ಕುಯ್ದೋನು ನಾನೇ. ಆದ್ರೆ ಅವ್ಳು ಕಟ್ಟಿದ ದೇವ್ರ ಹೂವಿಂದ ಬಿತ್ತು ಅಂದ್ರೆ ಅಪಶಕುನ ಅಂತಾಳೆ. ಇನ್ನಾ ಬಿಗಿ ಇಡ್ಕತಾಳೆ. ಒರಿಜಿನಲ್ ರೆಕ್ಕೆ ಹಾಕ್ಸಿವ್ನಿ ಅಂತ ಏಳಿ ಒಂದ್ ಸುತ್ತು ಆರ್ಸಿಬುಡು. ಅವಳಿಗೇನು ಗೊತ್ತಾಯ್ತದೆ? ಡಬ್ಬ ಬದಲಾಯ್ಸು, ಅಷ್ಟೇ."

ಹನ್ನೆರಡು ವರ್ಷದ ಪ್ಯಾಕಿಂಗ್ ಅನುಭವದ ಮಾತು. ಸುಳ್ಳೇಕೆ, ನನಗೂ ಹಾಗೇ ಮಾಡುವ ಆಸೆಯಾಯಿತು. ಸಂಜೆಯ ಒಳಗೆ ಫೋನ್ ಮಾಡಬೇಕಿತ್ತು. ಆದರೆ ಒಂದು ಸಲ ಆಧಾರವಿಲ್ಲದೆ ಅವಳಿಗೆ ಉಪದೇಶ ಮಾಡಿದ ಫಲವನ್ನು ನೋಡಿಯಾಗಿತ್ತು. ಅವಳು ಹುಳದ ಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ದಾರವನ್ನು ಅವಳ ಅಂಗೈಯಲ್ಲಿ ಇಟ್ಟೆ. ಎಲ್ಲಿ ಸಿಕ್ಕಿತು ಎಂಬುದನ್ನು ಹೇಳಿದೆ.

ಅಕ್ಕ ದಾರವನ್ನು ಬೆರಳುಗಳ ನಡುವೆ ಉಜ್ಜಿದಳು.

"ನನ್ ಕೈದೇ ಇದು. ಎರಡೆಳೆ." ದಾರವನ್ನು ಬೆರಳಿಗೆ ಸುತ್ತಿಕೊಂಡಳು. "ರೆಕ್ಕೆ ಸರಿ ಐತಾ?"

"ಗೀರು ಕೂಡ ಬಿದ್ದಿಲ್ಲ."

"ಡೂಪ್ಲಿಕೇಟೇನಾ ಇನ್ನೂ?"

"ಅದೇ."

"ಎಲ್ಲಿ, ಆರ್ಸು."

ಹಾರಿಸಿದೆ. ನನ್ನ ಜೀವನದಲ್ಲಿ ಅಷ್ಟು ಹೆದರಿಕೊಂಡು ರಿಮೋಟ್ ಹಿಡಿದಿರಲಿಲ್ಲ. ತೋಟದ ಮೇಲೆ ಏಳು ಸುತ್ತು. ಬ್ಯಾಟರಿ ಮುಗಿಯುವವರೆಗೆ ಅವಳು ಇಳಿಸು ಅನ್ನಲಿಲ್ಲ. ಇಳಿದ ಮೇಲೆ ಅದರ ರೆಕ್ಕೆಯನ್ನು ಮುಟ್ಟಿ ನೋಡಿ, "ಸುಮ್ನೆ ಬೈದ್ಬುಟ್ಟೆ ಇದ್ನ" ಎಂದಳು. ಆಮೇಲೆ ಭಾವನ ಕಡೆ ತಿರುಗಿ, "ಕತ್ತೀಲಿ ಕುಯ್ದೋರು ಒಸಿ ಗಂಟನ್ನೂ ನೋಡ್ಬಾರ್ದಾಗಿತ್ತಾ?"

ಭಾವ ಚಂದ್ರಿಕೆ ಸರಿಪಡಿಸುವ ಕೆಲಸದಲ್ಲಿ ತುಂಬ ಮಗ್ನರಾಗಿದ್ದರು.

ನಾನು ಆಸ್ಪತ್ರೆಗೆ ಫೋನ್ ಮಾಡಿದೆ. ಸ್ಲಾಟ್ ಇತ್ತು. ಯಾವ ಮಂಡಿ ಎಂದು ಕೇಳಿದರು. ಈ ಬಾರಿ ನಾನು ಏನೂ ಹೇಳದೆ ಫೋನನ್ನು ಅಕ್ಕನಿಗೇ ಕೊಟ್ಟೆ.

"ಇಲ್ಲೀದೇ ಆಕಿ. ಕೆಟ್ರೆ ಸಾಮಾನು ಇಲ್ಲೇ ಸಿಕ್ತದೆ" ಎಂದಳು.

ಸೋಮವಾರ ಆಪರೇಷನ್ ಆಯಿತು. ಮೂರನೆಯ ದಿನ ವಾಕರ್ ಹಿಡಿದು ವಾರ್ಡಿನ ಬಾಗಿಲವರೆಗೆ ನಡೆದಳು. ಒಂದು ಕಡೆ ಭಾವ, ಇನ್ನೊಂದು ಕಡೆ ನಾನು. ವಾಪಸ್ ಬಂದು ಮಂಚದ ಮೇಲೆ ಕೂತು, ಬ್ಯಾಂಡೇಜು ಸುತ್ತಿದ ಮಂಡಿಯನ್ನು ಹೊಸ ಮೊಪೆಡ್ ನೋಡಿದ ಹಾಗೆ ನೋಡಿಕೊಂಡಳು. ಮುಂದಿನ ವರ್ಷ ಆಯುಧಪೂಜೆಯ ಸಾಲಿನಲ್ಲಿ ಇದನ್ನೂ ಕೂರಿಸಬೇಕಲ್ಲ ಎಂದು ಭಾವ ತಮಾಷೆ ಮಾಡಿದರು.

"ಕೂರ್ಸಿ, ಕುಂಕುಮನೂ ಇಡಿ" ಎಂದಳು ಅಕ್ಕ. "ದಾರ ಮಾತ್ರ ಅಂಗಡೀದು ತನ್ನಿ."