ಕಾಕಿ ಕೂಡಿಡದ ಸಾಮಾನು

ಮೊನ್ನೆ ಬಸವಕಲ್ಯಾಣದ ಪೇಟೆಯಲ್ಲಿ ಕಿರಾಣಿ ಅಂಗಡಿಯ ಮುಂದೆ ನಿಂತಿದ್ದೆ. ಎಲ್ಲೋ ಯುದ್ಧವಂತೆ, ಗ್ಯಾಸ್ ಬರುವುದಿಲ್ಲವಂತೆ, ಎಣ್ಣೆ ಸಿಗುವುದಿಲ್ಲವಂತೆ... ಇಂಥ ಮಾತು ಊರೆಲ್ಲ ಹಬ್ಬಿ, ಒಂದು ಪಾಕೀಟು ಒಯ್ಯುತ್ತಿದ್ದವರು ಡಬ್ಬಿಗಟ್ಟಲೆ ಎಣ್ಣೆ ಒಯ್ಯುತ್ತಿದ್ದರು. ನಾನೂ ಅವರಲ್ಲೊಬ್ಬಳು, ಇಲ್ಲವೆನ್ನಲಾರೆ. ಅಷ್ಟರಲ್ಲಿ ಅಂಗಡಿಯವರು ಒಳಗಿನಿಂದ ಒಂದು ಚೀಲ ಎಳೆದು ತಂದು ಬಾಯಿಯ ಹೊಲಿಗೆ ಬಿಚ್ಚಿದರು. ಒಣಕೊಬ್ಬರಿ. ಆ ಜಿಡ್ಡಿನ, ಸ್ವಲ್ಪ ಸಿಹಿಯಾದ ವಾಸನೆ ಮೂಗಿಗೆ ಬಡಿದದ್ದೇ ತಡ, ಬೇಳೆ ಎಷ್ಟು ಬೇಕೆಂದು ಅವರು ಕೇಳಿದ್ದು ಕಿವಿಗೆ ಬೀಳಲಿಲ್ಲ. ನಮ್ಮ ಎದುರುಮನೆಯ ಕಾಕಿ ನೆನಪಾಗಿಬಿಟ್ಟರು.

ಕಾಕಿ ನನಗೆ ಬಳಗದವರೇನಲ್ಲ. ನಾನು ಮದುವೆಯಾಗಿ ಈ ಓಣಿಗೆ ಬಂದಾಗ ಎದುರಿನ ಕಟ್ಟೆಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಏನೆಂದು ಕರೆಯಬೇಕೋ ತಿಳಿಯದೆ ಕಾಕಿ ಅಂದೆ, ಅದೇ ಉಳಿಯಿತು. ಅವರ ಮನೆಯೆಂದರೆ ವರ್ಷದ ಸಾಮಾನು ತುಂಬಿದ ಮನೆ. ಮೋರಖಂಡಿಯ ಹೊಲದಿಂದ ಬಿಳಿಜೋಳ ಬರುತ್ತಿತ್ತು. ಅದನ್ನು ಮಾಳಿಗೆಯ ಮೇಲೆ ಹರವಿ, ಬಿಸಿಲು ಕುಡಿಸಿ, ಒಣಗಿದ ಬೇವಿನೆಲೆ ಬೆರೆಸಿ ತಗಡಿನ ಕಣಜಕ್ಕೆ ತುಂಬುವರು. ತೊಗರಿಬೇಳೆಗೆ ಔಡಲೆಣ್ಣೆ ಸವರಿ ಇಡುವರು. ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನುತ್ತಿರಲಿಲ್ಲ, ಲಾಭ ಅನ್ನುತ್ತಿದ್ದರು. ಎರಡರಿಂದ ಎಣಿಕೆ. ಆ ಹೊತ್ತಿನಲ್ಲಿ ಯಾರಾದರೂ ನಡುವೆ ಮಾತಾಡಿಸಿದರೆ ಕಣ್ಣಲ್ಲೇ ಗದರಿಸುವರು.

ಕಾಕಾ ದೈವಭಕ್ತರು, ಮಿತಭಾಷಿ. ಆದರೆ ಹೆಂಡತಿಯನ್ನು ಕೆಣಕುವ ಚಟ ಮಾತ್ರ ಬಿಟ್ಟಿರಲಿಲ್ಲ. "ಶರಣರು ನಡೆದಾಡಿದ ಊರಾಗ ಇದ್ದು ನಾಳಿಗಂತ ಕೂಡಿಡ್ತಾಳ ನೋಡವಾ ಈಕಿ," ಎಂದು ನನ್ನತ್ತ ತಿರುಗಿ ಹೇಳುವರು. ಕಾಕಿ ಮೊರದಿಂದ ತಲೆ ಎತ್ತದೆ, "ಜಂಗಮರು ಬಾಗಲಿಗೆ ಬಂದ್ರ ಜೋಳಿಗಿಗೆ ಗಾಳಿ ನೀಡ್ಲೇನ್ರಿ?" ಅನ್ನುವರು. ಅಲ್ಲಿಗೆ ಕಾಕಾ ವಿಭೂತಿ ಗಟ್ಟಿ ತೆಗೆದುಕೊಂಡು ಒಳಗೆ ನಡೆಯುವರು.

ಓಣಿಯ ಯಾರ ಮನೆಯಲ್ಲಿ ಏನು ತೀರಿದರೂ ಬಟ್ಟಲು ಹಿಡಿದು ಹೋಗುವುದು ಅಲ್ಲಿಗೇ. ಕಾಕಿ ಮಾತ್ರ ಒಂದು ದಿನವೂ ಯಾರ ಮನೆ ಬಾಗಿಲಿಗೂ ಬಟ್ಟಲು ಹಿಡಿದು ಹೋದವರಲ್ಲ.

ಕರೋನಾ ಬಂದು ಮೊದಲ ಸಲ ಎಲ್ಲ ಬಂದ್ ಆಗುತ್ತದೆ ಎಂಬ ಸುದ್ದಿ ಎದ್ದಾಗ ಊರು ಪೇಟೆಗೆ ಓಡಿತು. ಉಪ್ಪು ಸಿಕ್ಕವರಿಗೆ ಸಕ್ಕರೆ ಸಿಗಲಿಲ್ಲ, ಸಕ್ಕರೆ ಸಿಕ್ಕವರಿಗೆ ಚಹಾಪುಡಿ ಸಿಗಲಿಲ್ಲ. ಕಾಕಿ ಕಟ್ಟೆಯ ಮೇಲೆ ಕೂತು ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು, ತಮ್ಮ ಪಾಡಿಗೆ ತಾವು. ಅವರ ಒಬ್ಬಳೇ ಮಗಳನ್ನು ಹುಮನಾಬಾದಿಗೆ ಕೊಟ್ಟಿತ್ತು. ಅವಳು ತುಂಬು ಬಸುರಿ. ಯುಗಾದಿ ಮುಗಿಸಿ ಹೆರಿಗೆಗೆ ತವರಿಗೆ ಕರೆತರುವುದೆಂದು ಮಾತಾಗಿತ್ತು. ನಾನು ಪೇಟೆಗೆ ಹೊರಟವಳು ಅವರ ಮುಂದೆ ನಿಂತು, "ಕಾಕಿ, ಎಲ್ಲಾ ಖರೇ, ಬಾಣಂತಿ ಸಾಮಾನು ತಂದೀರೇನ್ರಿ? ಅಂಟು, ಕೊಬ್ಬರಿ, ಉತ್ತತ್ತಿ... ಆಮ್ಯಾಲ ಸಿಗ್ತಾವೋ ಇಲ್ಲೋ," ಅಂದೆ.

ಅವರ ಕೈ ನಿಂತಿತು.

"ಕೂಸು ಭೂಮಿಗೆ ಬರೂಕಿಂತ ಮೊದ್ಲ ಅದರ ಸಾಮಾನು ತರಬಾರದವಾ," ಅಂದರು. ಅಷ್ಟೇ ಆಗಿದ್ದರೆ ಹಳೆಯ ಕಾಲದವರ ನಂಬಿಕೆ ಎಂದು ನಾನು ಹೊರಟುಬಿಡುತ್ತಿದ್ದೆ. ನಮ್ಮ ಕಡೆ ಹುಟ್ಟುವ ಮೊದಲು ತೊಟ್ಟಿಲು ಇಳಿಸುವುದಿಲ್ಲ, ಕೂಸಿನ ತಲೆಗೆ ಕುಂಚಿಗೆ ಹೊಲಿಸುವುದಿಲ್ಲ, ಬಾಣಂತಿಯ ಅಂಟಿನ ಉಂಡಿಗೆಂದು ಏನನ್ನೂ ಮನೆಗೆ ತರುವುದಿಲ್ಲ. ಆದರೆ ಕಾಕಿ ಪಕ್ಕಕ್ಕೆ ಸರಿದು ನನ್ನನ್ನು ಕೂರಿಸಿಕೊಂಡರು. ಮೆಣಸಿನಕಾಯಿ ಮುರಿದ ಬೆರಳನ್ನು ಕಣ್ಣಿಗೆ ತಾಗಿಸದಂತೆ ಮುಂಗೈಯಿಂದ ಮುಖ ಒರೆಸಿಕೊಂಡರು.

ಮಗಳ ಮೊದಲ ಬಸಿರು ನಿಲ್ಲಲಿಲ್ಲವೆಂದು ಓಣಿಗೆಲ್ಲ ಗೊತ್ತಿತ್ತು. ದಿನ ತುಂಬುವ ಮೊದಲೇ ಹುಮನಾಬಾದಿನಲ್ಲಿ ನೋವು ಬಂದು, ಆಸ್ಪತ್ರೆಗೆ ಒಯ್ದರೂ ಕೂಸು ಉಳಿದಿರಲಿಲ್ಲ. ಕಾಕಿ ಇಲ್ಲಿಂದ ಬಸ್ಸು ಹಿಡಿದು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಮಗೆ ಯಾರಿಗೂ ಗೊತ್ತಿಲ್ಲದ್ದು ಬೇರೆ ಇತ್ತು. ಆ ಸಲ ಕಾಕಿ ನಂಬಿಕೆಯನ್ನೆಲ್ಲ ಗಂಟು ಕಟ್ಟಿ ಆಚೆ ಇಟ್ಟು, ಕೊಬ್ಬರಿ ಅಗ್ಗವಾದಾಗಲೇ ತಂದು, ಉತ್ತತ್ತಿ ಬಿಡಿಸಿ, ಅಂಟು ಆರಿಸಿ ಒಂದು ಡಬ್ಬಿ ತುಂಬಾ ಇಟ್ಟಿದ್ದರಂತೆ. ತೊಟ್ಟಿಲನ್ನೂ ಇಳಿಸಿ ತೊಳೆದಿದ್ದರಂತೆ.

"ನನ್ನ ಆಸೀನೇ ಅದಕ್ಕ ದೃಷ್ಟಿ ಆತು," ಅಂದರು. "ಹಬ್ಬಕ್ಕ ಮೊದ್ಲ ಸಂತಿ ಮಾಡ್ದಂಗ ಮಾಡ್ದೆ. ದೇವ್ರು ಎಣಿಸಿ ಕೊಡೋದಕ್ಕ ಮೊದ್ಲ ನಾ ಎಣಿಸಿ ಇಟ್ಟೆ." ಆ ಡಬ್ಬಿಯಲ್ಲಿದ್ದುದನ್ನು ತಾವು ತಿನ್ನಲೂ ಆಗದೆ, ಇನ್ನೊಬ್ಬರಿಗೆ ಕೊಡಲೂ ಆಗದೆ ಹೊಲದ ಬದುವಿಗೆ ಹಾಕಿ ಬಂದರಂತೆ.

ಆದರೆ ಅಂಗಡಿಗಳು ಮುಚ್ಚುವುದು ನಿಜವಾಗಿತ್ತು. ಚೊಚ್ಚಿಲ ಕೂಸು ಕಳೆದುಕೊಂಡವಳು ಈ ಸಲ ಹೆತ್ತ ಮೇಲೆ ಬಾಣಂತನಕ್ಕೆ ಬರೀ ಅನ್ನ ಸಾರು ತಿನ್ನಬೇಕಾದರೆ ಕಾಕಿ ಅದನ್ನು ಹೇಗೆ ತಡೆದುಕೊಂಡಾರು? ತಂದಿಟ್ಟರೆ ಒಂದು ಭಯ, ಇಡದಿದ್ದರೆ ಇನ್ನೊಂದು. ಸಂಜೆಯವರೆಗೂ ಕಾಕಿ ಕಟ್ಟೆಯಿಂದ ಏಳಲಿಲ್ಲ.

ಮರುದಿನ ಬೆಳಿಗ್ಗೆ ನಾನು ಅಂಗಳ ಗುಡಿಸುತ್ತಿದ್ದೆ. ಕಾಕಿ ಓಣಿ ದಾಟಿ ಬಂದು, ನನ್ನ ಮುಖ ನೋಡದೆ, ರಂಗೋಲಿ ನೋಡುತ್ತ ಹೇಳಿದರು: "ಯವ್ವಾ, ನಿಂಗ ಥಂಡಿ ದಿನದಾಗ ಸೊಂಟ ಹಿಡೀತದ ಅಂತಿದ್ದೆಲ್ಲ, ನಿನಗಂತ ಜರಾ ಅಂಟು ಕೊಬ್ಬರಿ ತಂದಿಟ್ಕೊ. ನಿನ್ನ ಮನಿಗಂತ. ನಾ ಹೇಳಿಲ್ಲ, ನೀ ಕೇಳಿಲ್ಲ."

ನನಗೆ ಅರ್ಥವಾಯಿತು. ತಮ್ಮ ಮನೆಗೆ ತಂದರೆ ಅದು ಮಗಳ ಬಾಣಂತನದ ಸಾಮಾನು. ನನ್ನ ಮನೆಯಲ್ಲಿದ್ದರೆ ಬರೀ ಕಿರಾಣಿ.

ಅಂಗಡಿಯಲ್ಲಿ ಆ ನೂಕುನುಗ್ಗಲಿನ ನಡುವೆ ನಾನು ಅಂಟು, ಅಳವಿ ಬೀಜ, ಅಜವಾನ, ಗಸಗಸೆ ಅನ್ನುತ್ತ ಹೋದಂತೆ ಅಂಗಡಿಯವರು ತಕ್ಕಡಿ ಬಿಟ್ಟು ನನ್ನನ್ನು ನೋಡಿದರು. "ಏನ್ರಿ ಅಕ್ಕೋರ, ಮಂದಿ ಅಕ್ಕಿ ಬ್ಯಾಳಿಗೆ ಹೊಡದಾಡಾಕತ್ತಾರ, ನಿಮ್ಮದು ಬ್ಯಾರೇ ಏನೋ ನಡದಾದಲ್ಲ!" ಹಿಂದೆ ನಿಂತ ಹೆಂಗಸರು ಕಿಸಕ್ಕನೆ ನಕ್ಕರು. ನನ್ನ ಮಗ ಆಗಲೇ ಮೀಸೆ ತಿರುವುವ ವಯಸ್ಸಿನವನು. "ಸೊಂಟಕ್ಕರೀ, ಸೊಂಟಕ್ಕ," ಎಂದು ಚೀಲ ಎದೆಗವಚಿಕೊಂಡು ಬಂದೆ.

ಡಬ್ಬಿ ನಮ್ಮ ಅಡುಗೆಮನೆಯ ಅಟ್ಟ ಸೇರಿತು. ಅಂದಿನಿಂದ ಕಾಕಿ ನಮ್ಮ ಅಡುಗೆಮನೆಯೊಳಗೆ ಕಾಲಿಡಲಿಲ್ಲ. ಪಡಸಾಲೆಯಲ್ಲೇ ನಿಂತು ಮಾತಾಡಿ ಹೋಗುವರು. ಒಮ್ಮೊಮ್ಮೆ ಹೊರಟವರು ತಿರುಗಿ, "ಈ ಸಲ ಇಲಿ ಭಾಳ ಆಗ್ಯಾವಂತ. ಮ್ಯಾಲಿನ ಸಾಮಾನು ನೋಡ್ತಿರು," ಅನ್ನುವರು. ಯಾವ ಸಾಮಾನು ಎಂದು ನಾನೂ ಕೇಳುವವಳಲ್ಲ.

ಯುಗಾದಿಯ ಹೊತ್ತಿಗೆ ರಸ್ತೆ ಬಂದ್. ನಮ್ಮ ಓಣಿಯ ಬಾಯಿಗೆ ಬಿದಿರು ಅಡ್ಡ ಕಟ್ಟಿದರು. ಮಗಳು ತವರಿಗೆ ಬರುವ ಮಾತು ಅಲ್ಲಿಗೆ ನಿಂತಿತು, ತಾಯಿ ಹೋಗುವಂತೆಯೂ ಇರಲಿಲ್ಲ. ಹುಮನಾಬಾದ್ ಎಷ್ಟು ಮಹಾ ದೂರ? ಬೆಳಿಗ್ಗೆ ರೊಟ್ಟಿ ಬಡಿದು ಹೋಗಿ, ಸಂಜೆ ಮನೆಯ ದೀಪ ಹಚ್ಚಲು ವಾಪಸ್ಸು ಬರುವಷ್ಟು. ಆ ದಿನಗಳಲ್ಲಿ ಅದು ಕಾಶಿಗಿಂತ ದೂರವಾಯಿತು. ಕಾಕಿಯ ಕೈಗೆ ಕೆಲಸವೇ ಇಲ್ಲದಂತಾಗಿ, ಆರಿಸಿದ ಬೇಳೆಯನ್ನೇ ಮತ್ತೆ ಆರಿಸುತ್ತ ಕೂತಿರುವರು. ಪಕ್ಕದಲ್ಲಿ ಫೋನು.

ಒಂದು ಮಧ್ಯಾಹ್ನ ನಾನು ಹಿಟ್ಟು ನಾದುತ್ತಿದ್ದೆ. ಹೊಸ್ತಿಲ ಹತ್ತಿರ ನೆರಳು ಬಿತ್ತು. ಕಾಕಿ. ಕೈಯಲ್ಲಿ ಒಂದು ಬಟ್ಟಲು.

"ನಿಮ್ಮ ಮನ್ಯಾಗ ಜರಾ ಅಂಟು ಕೊಬ್ಬರಿ ಅದ ಏನವಾ?" ಅಂದರು. "ನನ್ನ ಮಗಳು ಹಡದಾಳ. ಹೆಣ್ಣು. ಅತ್ತತಂತ... ಭಾಳ ಜೋರಾಗಿ ಅತ್ತತಂತ."

ಓಣಿಗೆಲ್ಲ ತುಂಬಿ ಕೊಟ್ಟ ಆ ಕೈ ಬಟ್ಟಲು ಹಿಡಿದು ನಿಂತದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಹಿಟ್ಟಿನ ಕೈಯಲ್ಲೇ ಅಟ್ಟ ಹತ್ತಿದೆ. ಆ ಸಂಜೆಯೆಲ್ಲ ಇಬ್ಬರೂ ಕೂತು ತುಪ್ಪದಲ್ಲಿ ಅಂಟು ಅರಳಿಸಿ, ಕೊಬ್ಬರಿ ಹೆರೆದು, ಬೆಲ್ಲ ಬೆರೆಸಿ ಉಂಡಿ ಕಟ್ಟಿದೆವು. ಮನುಷ್ಯರು ಹೋಗುವಂತಿರಲಿಲ್ಲ, ತರಕಾರಿ ಗಾಡಿ ಹೋಗಬಹುದಿತ್ತು. ಗುರುತಿನ ಡ್ರೈವರೊಬ್ಬ ಬದನೆಕಾಯಿ ಚೀಲಗಳ ನಡುವೆ ಉಂಡಿಯ ಡಬ್ಬಿ ಇಟ್ಟುಕೊಂಡು ಹುಮನಾಬಾದಿಗೆ ಮುಟ್ಟಿಸಿದ.

ಫೋನಿನಲ್ಲಿ ಮಗಳಿಗೆ ಕಾಕಿ ಹೇಳಿದ್ದು ನಾನು ಕೇಳಿಸಿಕೊಂಡೆ: "ನಮ್ಮ ಮನ್ಯಾಗ ಏನೂ ಇದ್ದಿಲ್ಲವಾ. ಎದುರುಮನಿ ಅಕ್ಕನ ಕಡೆ ಇಸಗೊಂಡು ಮಾಡೀನಿ." ನನಗೆ ಬೆರಗಾಯಿತು. ಕೂಸು ಹುಟ್ಟಿಯಾಯಿತಲ್ಲ, ಇನ್ನೇಕೆ ಮುಚ್ಚುವುದು ಅಂದೆ. ಕಾಕಿ ತುಟಿಯ ಮೇಲೆ ಬೆರಳಿಟ್ಟರು. "ಇಷ್ಟು ಜಲ್ದಿ ಬ್ಯಾಡ. ಅದರ ಜಾವಳ ಆಗ್ಲಿ. ಆಮ್ಯಾಲ ನಾನೇ ಹೇಳ್ತೀನಿ, ನಗ್ತಾ ಹೇಳ್ತೀನಿ." ಕೂಸಿನ ಮೊದಲ ಕೂದಲು ತೆಗೆಸುವವರೆಗೆ ಕಾಯುವುದು ಅವರ ಲೆಕ್ಕ. ಆ ವರ್ಷ ನಮ್ಮ ಮನೆಗೆ ಕಾಕಿಯ ಮನೆಯ ಜೋಳ ಬಂತು. ಅಂಟು ಕೊಬ್ಬರಿಯ ಲೆಕ್ಕ ಅಲ್ಲಿಗೆ ತೀರಿತು.

ದಾರಿ ತೆರೆದ ಮೇಲೆ ಕಾಕಿ ಹುಮನಾಬಾದಿಗೆ ಹೋಗಿ ಮೊಮ್ಮಗಳನ್ನು ಎತ್ತಿ ಆಡಿಸಿ ಬಂದರು. ಮೂಗು ಮುತ್ತಜ್ಜಿಯದು, ಕಿವಿ ಕಾಕಾನದು ಎಂದು ಓಣಿಗೆಲ್ಲ ಹೇಳಿದರು. ಜಾವಳ ಮಾತ್ರ ನೋಡಲಿಲ್ಲ. ಮರುವರ್ಷದ ಬೇಸಿಗೆಯಲ್ಲಿ ಎರಡನೆಯ ಸಲ ಕರೋನಾ ಜಡ್ಡು ಎದ್ದಾಗ ಅವರಿಗೂ ಜ್ವರ ಬಂತು... ಮಗಳು ಬರುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಕಾಕಾನನ್ನು ಮಗಳೇ ಕರೆದುಕೊಂಡು ಹೋದಳು. ಮನೆಗೆ ಬಾಡಿಗೆಯವರು ಬಂದರು.

ನಾನು ಕೊಬ್ಬರಿ ಚೀಲದ ಮುಂದೆ ನಿಂತು ಬಂದ ಎರಡು ದಿನಕ್ಕೆ ಕಾಕಿಯ ಮಗಳು ಬಸವಕಲ್ಯಾಣಕ್ಕೆ ಬಂದಿದ್ದಳು, ಬಾಡಿಗೆಯವರನ್ನು ಮಾತಾಡಿಸಲು. ಜೊತೆಗೆ ಶಾಲೆಗೆ ಹೋಗುವ ವಯಸ್ಸಿನ ಆ ಹುಡುಗಿ, ಎರಡು ಜಡೆ. ನಮ್ಮ ಅಡುಗೆಮನೆಯ ಮೂಲೆಯಲ್ಲಿ ನಾನು ತಂದಿಟ್ಟ ಎಣ್ಣೆಯ ಡಬ್ಬಿಗಳನ್ನು ನೋಡಿ ಮಗಳು ನಕ್ಕಳು. "ಅಕ್ಕಾ, ನೀವೂ ನಮ್ಮ ಅವ್ವನಂಗ ಆದ್ರಿ ನೋಡ್ರಿ."

ನಗು ಹಾಗೇ ಇಳಿಯಿತು. ಚಹಾದ ಕಪ್ಪು ತಿರುಗಿಸುತ್ತ, "ಖರೇ ಹೇಳ್ಲೇನು ಅಕ್ಕಾ," ಅಂದಳು. "ಊರಮಂದಿಗೆಲ್ಲ ತುಂಬಿಟ್ಟಾಕಿ, ನನ್ನ ಬಾಣಂತನಕ್ಕ ಒಂದು ಹಿಡಿ ಅಂಟು ತಗದಿಡ್ಲಿಲ್ಲ. ನಮ್ಮತ್ತಿ ಡಬ್ಬಿ ತಗದು, ನಿಮ್ಮವ್ವ ಕೂಡಿಟ್ಟಿದ್ಲೇನು ಅಂತ ಕೇಳಿದ್ರು. ಇಸಗೊಂಡು ಕಳಿಸ್ಯಾಳ ಅಂತ ಹೇಳಾಕ ಬಾಯಿ ಬರ್ಲಿಲ್ಲ. ಮೊದಲನೇದ್ದು ಹೋತಲ್ಲ, ಇದೂ ಎಲ್ಲಿ ಉಳೀತದ ಅಂತ ಬಿಟ್ಟಿದ್ಲೋ ಏನೋ..."

ಜಾವಳವಾಗಿ ಎಷ್ಟೋ ಕಾಲವಾಗಿತ್ತು. ಹೇಳುತ್ತೇನೆಂದವರು ಇರಲಿಲ್ಲ. ನಾನೇ ಹೇಳಿದೆ. ಹೊಲದ ಬದುವಿಗೆ ಹಾಕಿ ಬಂದ ಡಬ್ಬಿಯಿಂದ ಹಿಡಿದು ಬಟ್ಟಲು ಹಿಡಿದು ನಿಂತದ್ದರವರೆಗೆ, ಒಂದೂ ಬಿಡದೆ.

ಅವಳು ಅಳುತ್ತಾಳೆಂದುಕೊಂಡಿದ್ದೆ. ಅಳಲಿಲ್ಲ. ಕಪ್ಪು ಕೆಳಗಿಟ್ಟು, "ಮೊದಲನೇದ್ದು ತನ್ನಿಂದ ಹೋತು ಅಂತ ತಿಳ್ಕೊಂಡಿದ್ಲೇನು ಅವ್ವ?" ಅಂದಳು.

ನಾನು ಹೌದೆಂದು ತಲೆಯಾಡಿಸಿದೆ.

"ಹೊಕ್ಕಳಬಳ್ಳಿ ಕುತ್ತಿಗಿಗೆ ಸುತ್ತಿತ್ತು ಅಕ್ಕಾ. ಡಾಕ್ಟರ್ ಅವತ್ತೇ ಹೇಳಿದ್ರು, ಯಾರದೂ ತಪ್ಪಲ್ಲ ಅಂತ. ಅವ್ವ ಬಂದು ನನ್ನ ಕಾಲ ಹತ್ರ ಕುಂತ್ಲು. ಏನಾತು ಅಂತ ಒಂದು ಮಾತು ಕೇಳ್ಲಿಲ್ಲ. ಹೇಳಿದ್ರ ಮತ್ತ ಅಳ್ತಾಳ ಅಂತ ನಾನೂ ಹೇಳ್ಲಿಲ್ಲ."

ಇಬ್ಬರ ಚಹಾವೂ ಆರಿ ಕೆನೆಗಟ್ಟಿತ್ತು. ಅವಳು ಎದ್ದು ನಮ್ಮ ಬಾಗಿಲಿಗೆ ಹೋದಳು, ಈಗಲೇ ಎದುರಿಗೆ ಹೋಗಿ ಅವ್ವನಿಗೆ ಹೇಳಿ ಬಂದುಬಿಡುವವಳ ಹಾಗೆ. ಹೊಸ್ತಿಲ ಮೇಲೆ ನಿಂತಳು. ಆಚೆ ಬಾಡಿಗೆಯವರ ಹೆಂಗಸು ಬಕೀಟಿನಿಂದ ಬಟ್ಟೆ ಹಿಂಡುತ್ತಿದ್ದವಳು ತಲೆ ಎತ್ತಿ, "ಏನರೆ ಬೇಕಾಗಿತ್ತೇನ್ರಿ?" ಎಂದು ಕೇಳಿದಳು.

"ಏನಿಲ್ರಿ," ಅಂದಳು ಮಗಳು.