ಮೂವತ್ತು ಸೆಕೆಂಡಿನಲ್ಲಿ ಹೋದ ತಲೆ

ಕಳೆದ ತಿಂಗಳು ಚೆಟ್ಟಳ್ಳಿ ಕಡೆಯ ಒಬ್ಬ ಕಾಫಿ ಎಸ್ಟೇಟ್ ಸಾಹುಕಾರರ ತಲೆ ತೆಗೆದೆ.

ಗಾಬರಿ ಬೇಡ. ಕತ್ತಿಯಿಂದಲ್ಲ, ಕ್ಯಾಮೆರಾದಿಂದ. ಸಾಹುಕಾರರು ಆರಾಮಾಗಿದ್ದಾರೆ. ದಿನಕ್ಕೆ ಎರಡು ಸಲ ಫೋನ್ ಮಾಡಿ ನನ್ನನ್ನು ಬೈಯುವಷ್ಟು ಆರಾಮಾಗಿದ್ದಾರೆ. (ಹೆಸರು ಹಾಕುವುದಿಲ್ಲ. ಹಾಕಿದರೆ ಅವರ ಮಗಳ ಮದುವೆ ಆಲ್ಬಮ್ ಬೇರೆ ಸ್ಟುಡಿಯೋಗೆ ಹೋಗುತ್ತದೆ.)

ನಾನು ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನು, ಕುಶಾಲನಗರದ ಸ್ಟುಡಿಯೋ ಒಂದರಲ್ಲಿ ಕಸ ಗುಡಿಸುತ್ತಾ ಕ್ಯಾಮೆರಾ ಕಲಿತವನು. ಇವತ್ತು ಅದೇ ಬೀದಿಯಲ್ಲಿ ನನ್ನದೇ ಸ್ಟುಡಿಯೋ. ಮದುವೆ ಇದ್ದ ದಿನ ಮದುವೆ, ಇಲ್ಲದ ಸಂಜೆ ಬೈಕಿಗೆ ಟ್ರೈಪಾಡ್ ಕಟ್ಟಿಕೊಂಡು ಬೆಟ್ಟ. ಸೂರ್ಯ ಮುಳುಗಿದ ಮೇಲೆ, ಪೂರ್ತಿ ಕತ್ತಲಾಗುವ ಮೊದಲು ಸ್ವಲ್ಪ ಹೊತ್ತು ನೀಲಿ ಬೆಳಕು ಇರುತ್ತದಲ್ಲ, ಆಗ ತೆಗೆಯುವ ಲಾಂಗ್ ಎಕ್ಸ್‌ಪೋಶರ್ ಫೋಟೋ ನನ್ನ ಚಟ. 'ಅದಕ್ಕೆ ಫಿಸಿಕ್ಸ್ ಗೊತ್ತಿರಬೇಕು' ಎಂದು ಬೆಟ್ಟದ ಮೇಲೆ ಒಬ್ಬ ಇಂಜಿನಿಯರ್ ನನಗೆ ಪಾಠ ಮಾಡಿದರು. ಪಾಠ ಮುಗಿದ ಮೇಲೆ ಅವರ ಲೆನ್ಸಿನ ಮುಚ್ಚಳ ತೆಗೆದುಕೊಟ್ಟವನು ನಾನು.

ವಿಷಯ ಸರಳ. ಶಟರ್ ಅರ್ಧ ನಿಮಿಷ ತೆರೆದೇ ಇರುತ್ತದೆ. ಅಷ್ಟು ಹೊತ್ತು ಅಲ್ಲಾಡದೆ ನಿಂತದ್ದು ಫೋಟೋದಲ್ಲಿ ಉಳಿಯುತ್ತದೆ. ಓಡಾಡಿದ್ದು ಉಳಿಯುವುದಿಲ್ಲ. ಮಂಜು ಹಾಲು ಚೆಲ್ಲಿದಂತೆ ಹರಡುತ್ತದೆ, ಮನುಷ್ಯರು ಮಾಯ. ಭಾನುವಾರ ವ್ಯೂ ಪಾಯಿಂಟಿನಲ್ಲಿ ಜಾತ್ರೆಯಷ್ಟು ಜನ ಸೆಲ್ಫಿಗೆ ಕುಣಿಯುತ್ತಿದ್ದರೂ ನನ್ನ ಫೋಟೋದಲ್ಲಿ ಬೆಟ್ಟ ಖಾಲಿ. 'ಇಷ್ಟು ಖಾಲಿ ಹೇಗೆ ಸಿಕ್ಕಿತು?' ಎಂದು ಕೇಳುತ್ತಾರೆ. ಗುಡಿಸಿದೆ ಎನ್ನುತ್ತೇನೆ. ಹಳೆಯ ಅಭ್ಯಾಸ.

ಸಾಹುಕಾರರು ಫೋನ್ ಮಾಡಿದ್ದು ಆ ಫೋಟೋಗಳನ್ನು ನೋಡಿಯೇ. ಅವರು ಹೊಸ ಹೋಂಸ್ಟೇ ಕಟ್ಟಿಸಿದ್ದಾರೆ. ರಿಸೆಪ್ಷನ್ ಗೋಡೆಗೆ ಆರಡಿ ಅಗಲದ ಫೋಟೋ ಬೇಕು. ಹಿಂದೆ ಬೆಟ್ಟದ ಸಾಲು, ಮಧ್ಯೆ ತೋಟ, ಮುಂದೆ ಅವರು. ಕೆಳಗಿನ ಮೂಲೆಯಲ್ಲಿ ಫೋಟೋ ತೆಗೆದವನ ಹೆಸರು.

ಆ ಕೊನೆಯ ಮಾತಿಗೆ ನಾನು ಬಿದ್ದೆ. ಇಪ್ಪತ್ತು ವರ್ಷ ಊರಿನವರ ಮದುವೆ ತೆಗೆದಿದ್ದೇನೆ, ನನ್ನ ಹೆಸರು ಯಾವ ಗೋಡೆಯ ಮೇಲೂ ಇಲ್ಲ.

ಕಾಫಿ ಹಣ್ಣಿನ ಪಿಕ್ಕಿಂಗ್ ಸಮಯ. ನಾನು ಟ್ರೈಪಾಡ್ ಊರಿದ್ದು ತೋಟದ ರಸ್ತೆಯ ಪಕ್ಕ. ತೂಕಕ್ಕೆಂದು ಹೆಂಗಸರು ಹಣ್ಣಿನ ಚೀಲ ಹೊತ್ತು ಅದೇ ರಸ್ತೆಯಲ್ಲಿ ಬರುತ್ತಿದ್ದರು.

"ಇವ್ರನ್ನೆಲ್ಲ ಆಚೆ ಕಳಿಸ್ಬೇಕಲ್ಲ ಲೋಕೇಶ" ಎಂದರು ಸಾಹುಕಾರರು.

"ಬೇಡ ಸಾರ್. ನಡೀತಾ ಇರ್ಲಿ. ಫೋಟೋದಲ್ಲಿ ಬರೋದೇ ಇಲ್ಲ ನೋಡಿ."

ಟ್ರಯಲ್‌ಗೆ ಒಂದು ತೆಗೆದೆ. ಹನ್ನೊಂದು ಹೆಂಗಸರು, ಹನ್ನೊಂದು ಚೀಲ, ಕ್ಯಾಮೆರಾದ ಮುಂದೆಯೇ ಹಾದುಹೋದರು. ಸ್ಕ್ರೀನಿನಲ್ಲಿ ನೋಡಿದರೆ ರಸ್ತೆ ಖಾಲಿ. ಸಾಹುಕಾರರು ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. ನಾನೂ ಕಾಲರ್ ಸರಿಮಾಡಿಕೊಂಡೆ.

ಅಷ್ಟರಲ್ಲಿ ಸರೋಜಕ್ಕ ಬಂದು ಇಣುಕಿದಳು. ಆ ತೋಟದ ಲೈನಿನಲ್ಲಿ, ಅಂದರೆ ಕೆಲಸದವರ ಸಾಲುಮನೆಯಲ್ಲಿ ಹುಟ್ಟಿ, ಅಲ್ಲೇ ಹಣ್ಣು ಕೊಯ್ಯುತ್ತಾ ಐವತ್ತು ದಾಟಿದವಳು. ತಲೆಯ ಮೇಲೆ ಚೀಲ ಹಾಗೇ ಇತ್ತು.

"ನಾವೆಲ್ಲಿ ಇದರಲ್ಲಿ?"

"ಬಂದಿಲ್ಲ ಅಕ್ಕ."

"ಎಂತ ಬಂದಿಲ್ಲ? ಈಗ ತಾನೆ ನಿನ್ನ ಮೂಗಿನ ಮುಂದೆ ಹೋದದ್ದಲ್ವಾ?"

ವಿವರಿಸಿದೆ. ನಿಂತವರು ಬರುತ್ತಾರೆ, ನಡೆದವರು ಬರುವುದಿಲ್ಲ ಎಂದೆ.

"ಅಂದ್ರೆ ಕೆಲಸ ಮಾಡಿದೋರು ಕಾಣೋದಿಲ್ಲ, ಸುಮ್ನೆ ನಿಂತೋರು ಚಂದ ಕಾಣ್ತಾರೆ. ನಿನ್ನ ಕ್ಯಾಮೆರಾ ಥೇಟ್ ನಮ್ಮ ರೈಟರ ಹಾಗೇ ಉಂಟಲ್ಲ ಮಾರಾಯ!"

ಹಿಂದಿದ್ದ ಹೆಂಗಸರೆಲ್ಲ ನಕ್ಕರು. (ಹಾಜರಿ ಬರೆಯುವ ಎಸ್ಟೇಟ್ ರೈಟರು ಅಲ್ಲಿರಲಿಲ್ಲ, ಬಚಾವ್.) ನಾನೂ ನಕ್ಕೆ. ಆದರೆ ಕಾಲರ್ ಯಾಕೋ ಬಿಗಿಯಾಯಿತು. ಇಷ್ಟು ವರ್ಷ ನಾನು ಗುಡಿಸಿದ್ದು ಬರೀ ಸೆಲ್ಫಿಯವರನ್ನೇ?

"ನಾನು ನಿಲ್ತೇನೆ" ಎಂದಳು ಸರೋಜಕ್ಕ. "ನಂದೊಂದು ಬರ್ಲಿ ಆ ಗೋಡೆ ಮೇಲೆ. ಆಧಾರ್ ಕಾರ್ಡಲ್ಲಿ ಒಂದು ಫೋಟೋ ಉಂಟು. ಅದ್ರಲ್ಲಿ ಮೆಣಸು ಕದ್ದು ಸಿಕ್ಕಿಬಿದ್ದೋಳ ಹಾಗೆ ಕಾಣ್ತೇನೆ."

ಸಾಹುಕಾರರಿಗೆ ತಮಾಷೆ ಅನಿಸಿತು. "ಅರ್ಧ ನಿಮಿಷ ಬಾಯಿ ಮುಚ್ಚಿ ಒಂದೇ ಕಡೆ ನಿಲ್ತೀಯ ನೀನು? ಆಯ್ತು, ನಿಲ್ಲು. ಅಲ್ಲಾಡದೆ ನಿಂತ್ರೆ ನಿಂದೂ ಗೋಡೆ ಮೇಲೆ. ಅಲ್ಲಾಡಿದ್ರೆ ಮಾಯ. ಅಲ್ವಾ ಲೋಕೇಶ?"

"ಹೌದು ಸಾರ್" ಎಂದೆ. ಹತ್ತು ಜನ ಸಾಕ್ಷಿ.

ಬೆಳಕು ಇಳಿಯುತ್ತಿತ್ತು. ಉಳಿದದ್ದು ಒಂದೇ ಫೋಟೋಗೆ ಸಾಕಾಗುವಷ್ಟು. "ಚೀಲ ಇಳಿಸಕ್ಕ" ಎಂದೆ. "ಇಳಿಸಿದ್ರೆ ಆಮೇಲೆ ಯಾರು ಎತ್ತಿ ಕೊಡೋದು? ನೀನಾ?" ಎಂದಳು. ನನ್ನ ಬೆನ್ನನ್ನು ನೋಡಿಯೇ ಕೇಳಿದಂತಿತ್ತು. ಫೋಕಸ್ ಮಾಡತೊಡಗಿದೆ.

ಸಾಹುಕಾರರು ಹೊಸ ಗಂಬೂಟು ಹಾಕಿಕೊಂಡು ಬಂದು ಒಂದು ರೊಬಸ್ಟಾ ಗಿಡದ ರೆಂಬೆಯನ್ನು ಪ್ರೀತಿಯಿಂದ ಹಿಡಿದು ನಿಂತರು. ಮ್ಯಾಗಜೀನುಗಳಲ್ಲಿ ಪ್ಲಾಂಟರುಗಳು ಹಾಗೆಯೇ ನಿಲ್ಲುತ್ತಾರೆ.

"ಸಾಹುಕಾರ್ರೆ, ಆ ಗಿಡ ಬೇಡ" ಎಂದಳು ಸರೋಜಕ್ಕ. "ಚಗಳಿ ಗೂಡು ಉಂಟು ಅದ್ರಲ್ಲಿ."

ಚಗಳಿ ಎಂದರೆ ಗಿಡದ ಎಲೆಗಳನ್ನು ಹೊಲಿದು ಗೂಡು ಕಟ್ಟುವ ಕೆಂಪಿರುವೆ. ಕಚ್ಚಿದರೆ ಬಿಡುವ ಜಾತಿಯಲ್ಲ.

"ನನ್ನ ತೋಟದ ಗಿಡ ನಂಗೆ ಗೊತ್ತಿಲ್ವ? ನೀನು ನಿನ್ನ ಜಾಗ ನೋಡ್ಕೋ. ಲೋಕೇಶ, ಒತ್ತು!"

ಒತ್ತಿದೆ.

ಹೆಂಗಸರು ಎಣಿಸತೊಡಗಿದರು. ಒಂದು, ಎರಡು, ಮೂರು. ಏಳಕ್ಕೆ ಸಾಹುಕಾರರ ಮೂಗು ಸೊಟ್ಟಗಾಯಿತು. ಒಂಬತ್ತಕ್ಕೆ ಒಂದು ಕೈ ಕುತ್ತಿಗೆಗೆ ಹೋಯಿತು. ಹನ್ನೊಂದಕ್ಕೆ ಎರಡೂ ಕೈ ಅಂಗಿಯ ಒಳಗೆ. "ಕಾಲು ಅಲ್ಲಾಡಿಸ್ಬೇಡಿ ಸಾರ್!" ಎಂದು ಕೂಗಿದೆ. ಪಾಪ, ನನ್ನ ಮಾತು ಕೇಳಿದರು. ಕಾಲು ಅಲ್ಲಾಡಿಸಲಿಲ್ಲ. ಉಳಿದದ್ದೆಲ್ಲ ಅಲ್ಲಾಡಿಸಿದರು. ಹೆಂಗಸರು ನಗು ತಡೆಯಲಾರದೆ ಇಪ್ಪತ್ತೆರಡರಿಂದ ಮತ್ತೆ ಹದಿನೆಂಟಕ್ಕೆ ಹೋದರು.

ಸರೋಜಕ್ಕ ಮಾತ್ರ ನಗಲೂ ಇಲ್ಲ, ಕಣ್ಣು ತಿರುಗಿಸಲೂ ಇಲ್ಲ.

ಶಟರ್ ಮುಚ್ಚಿದ ಮೇಲೆ ತನ್ನ ಕಿವಿಯ ಹಿಂದಿನಿಂದ ಒಂದು ಚಗಳಿಯನ್ನು ಕಿತ್ತು ನನಗೆ ತೋರಿಸಿದಳು. "ಇದು ಐದು ಎಣಿಸುವಾಗಿಂದ ಕಚ್ತಾ ಉಂಟು. ಬಂದೆನಾ ನಾನು?"

ಬಂದಿದ್ದಳು. ನೀಲಿ ಬೆಟ್ಟದ ಮುಂದೆ, ಮಂಜಿನ ಮುಂದೆ, ತಲೆಯ ಮೇಲೆ ಚೀಲ, ಸೊಂಟದ ಮೇಲೆ ಒಂದು ಕೈ. ಸೀರೆಯ ಮೇಲೆ ತೊಟ್ಟ ಅಂಗಿಯ ತೋಳಿನ ಹರಕು ಕೂಡ ಎಣಿಸಬಹುದಿತ್ತು. ಪಕ್ಕದಲ್ಲಿ ಒಂದು ಜೊತೆ ಹೊಳೆಯುವ ಗಂಬೂಟು. ಗಂಬೂಟಿನ ಮೇಲೆ ಸ್ವಲ್ಪ ಹೊಗೆ. ಹೊಗೆಯ ಮೇಲೆ ಏನೂ ಇಲ್ಲ. ಬೆಟ್ಟ ನೇರವಾಗಿ ಕಾಣುತ್ತಿತ್ತು.

ಮರುದಿನ ಬೆಳಗ್ಗೆಯೇ ಫೋನ್. "ಭಾನುವಾರ ಓಪನಿಂಗ್. ಕಂಪ್ಯೂಟರಲ್ಲಿ ನನ್ನ ತಲೆ ಕೂರಿಸು. ಅವಳನ್ನ ತೆಗಿ."

ನನಗೆ ಬರುವುದಿಲ್ಲ ಎಂದು ಸುಳ್ಳು ಹೇಳಲೇ? ಮದುಮಗಳ ಮೊಡವೆ ತೆಗೆದಿದ್ದೇನೆ. ಜಗಳವಾಡಿ ಮದುವೆಗೇ ಬಾರದ ಸೋದರಮಾವನನ್ನು ಗ್ರೂಪ್ ಫೋಟೋದಲ್ಲಿ ನಿಲ್ಲಿಸಿದ್ದೇನೆ, ಅದೂ ನಗುವ ಹಾಗೆ. ಸತ್ಯವಂತ ಎಂಬ ಬೋರ್ಡು ನನ್ನ ಅಂಗಡಿಯ ಮುಂದಿಲ್ಲ.

"ತಲೆ ಕೂರಿಸ್ತೇನೆ ಸಾರ್" ಎಂದೆ. "ಅಕ್ಕನ್ನ ತೆಗೆಯೋದಿಲ್ಲ. ನಿಂತ್ರೆ ಗೋಡೆ ಮೇಲೆ ಅಂದೋರು ನೀವು. ಹೌದು ಅಂದೋನು ನಾನು."

"ತಮಾಷೆಗೆ ಅಂದದ್ದಪ್ಪ ಅದು!"

"ಅಕ್ಕ ತಮಾಷೆಗೆ ನಿಂತಿರ್ಲಿಲ್ಲ ಸಾರ್."

ಕೊನೆಗೆ ಗೋಡೆಗೆ ಏರಿದ್ದು ಮೊದಲಿನ ಟ್ರಯಲ್ ಫೋಟೋ. ಖಾಲಿ ರಸ್ತೆ, ಖಾಲಿ ತೋಟ, ಖಾಲಿ ಬೆಟ್ಟ. ಅದರಲ್ಲಿ ನನ್ನ ಹೆಸರು ಬೇಡ ಎಂದೆ. ಹೇಳುವಾಗ ಹೊಟ್ಟೆ ಉರಿಯಿತು, ಮುಚ್ಚಿಡುವುದೇನು? ಬಂದ ಅತಿಥಿಗಳು ಅದರ ಮುಂದೆ ನಿಂತು 'ಎಷ್ಟು ಪ್ರಶಾಂತ!' ಎನ್ನುತ್ತಾರಂತೆ. ಹನ್ನೊಂದು ಹೆಂಗಸರು ಅದರೊಳಗೆ ಚೀಲ ಹೊತ್ತು ನಡೆಯುತ್ತಿದ್ದಾರೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

ಎರಡನೆಯದನ್ನು ನನ್ನ ಖರ್ಚಿನಲ್ಲೇ ಪ್ರಿಂಟ್ ಹಾಕಿಸಿ, ಫ್ರೇಮ್ ಮಾಡಿಸಿ, ಲೈನಿಗೆ ಒಯ್ದು ಸರೋಜಕ್ಕನ ಗೋಡೆಗೆ ಮೊಳೆ ಹೊಡೆದು ಬಂದೆ. ಕೆಳಗೆ ನನ್ನ ಹೆಸರಿದೆ. (ಸ್ವಲ್ಪ ದೊಡ್ಡದಾಗಿಯೇ ಇದೆ.) ಗಂಬೂಟನ್ನು ಕತ್ತರಿಸಲಿಲ್ಲ. ತೆಗೆದದ್ದನ್ನು ತೆಗೆದ ಹಾಗೇ ಕೊಡಬೇಕಲ್ಲವೇ?

ಅಲ್ಲಿಂದ ಶುರು ಹೊಸ ಕಾಟ. ಪಾಲಿಬೆಟ್ಟದ ತೋಟಗಳಿಂದಲೂ ಜನ ಬಂದು ಆ ಗಂಬೂಟು ನೋಡಿ ಹೋಗುತ್ತಿದ್ದಾರಂತೆ. ಸಾಹುಕಾರರು ಸರೋಜಕ್ಕನನ್ನು ಗದರಿಸೋಣವೆಂದರೆ ಹಣ್ಣು ಇನ್ನೂ ಗಿಡದಲ್ಲಿದೆ, ಈ ಸಮಯದಲ್ಲಿ ಅವಳಂಥ ಕೈ ಬೇರೆ ಎಲ್ಲಿ ಸಿಗಬೇಕು? ಹಾಗಾಗಿ ದಿನಕ್ಕೆರಡು ಫೋನು ನನಗೆ. "ಆ ಫೋಟೋ ವಾಪಸ್ ತಗೊಂಡ್ ಬಾ ಲೋಕೇಶ."

ಹೋಗಿ ಕೇಳಿದೆ. ಸರೋಜಕ್ಕ ಕಾಫಿ ಕೊಟ್ಟಳು, ಯೋಚಿಸಿದಳು.

"ಕೊಡುವ, ಅದಕ್ಕೆಂತ? ಸಾಹುಕಾರ್ರು ಬರ್ಲಿ. ಅದೇ ಗಿಡ ಹಿಡ್ಕೊಂಡು ಮೂವತ್ತು ಎಣಿಸುವಷ್ಟು ನಿಲ್ಲಲಿ. ಆಮೇಲೆ ತಗೊಂಡು ಹೋಗ್ಲಿ."

ಬ್ಯಾಟರಿ ಚಾರ್ಜ್ ಮಾಡಿ ಕಾಯುತ್ತಿದ್ದೇನೆ.