ಸಿಂಪಿಗನ ಗೂಡಿನ ಎದುರು ಡಿ.ಡಿ.ಟಿ. ಪಂಪು

ಹೋದ ತಿಂಗಳು ನಮ್ಮ ಜಗಲಿಯಲ್ಲಿ ಮೂವರು ದೊಡ್ಡವರು ಉಸಿರು ಬಿಗಿಹಿಡಿದು ನಿಂತಿದ್ದೆವು. ಎದುರಿಗೆ ಹುಲಿ ಇರಲಿಲ್ಲ. ಕ್ರೋಟನ್ ಗಿಡ ನೆಟ್ಟ ಒಂದು ಡಬ್ಬಿ ಇತ್ತು, ಅಷ್ಟೆ!

ಹೇಳ್ತೇನೆ ಕೇಳಿ.

ಕಕ್ಕಿಂಜೆಯ ನಮ್ಮ ಬಾಡಿಗೆ ಮನೆಗೆ ಮಲೇರಿಯಾ ಸೊಳ್ಳೆಯ ಮದ್ದು ಹೊಡೆಯಲು ಬಂದಿದ್ದರು. ಡಿ.ಡಿ.ಟಿ. ಪಂಪು ಹಿಡಿದವನು ಇದ್ದಿನಬ್ಬ, ನಮ್ಮ ಪೇಟೆಯವನೇ. ಗೋಡೆಗೆಲ್ಲ ಮದ್ದು ಬೀಳಬೇಕು. ಜಗಲಿಯ ಗೋಡೆಗೆ ಒತ್ತಿಕೊಂಡೇ ಆ ಡಬ್ಬಿ. ಕ್ರೋಟನ್ನಿನ ಎರಡು ಎಲೆಗಳನ್ನು ಜೇಡನ ನೂಲು, ಹತ್ತಿಯ ಎಳೆಗಳಿಂದ ಹೊಲಿದು ಸಿಂಪಿಗ ಹಕ್ಕಿ ಗೂಡು ಕಟ್ಟಿತ್ತು. (ಹೆಬ್ಬೆರಳಿನಷ್ಟು ಹಕ್ಕಿ, ಕೂಗಿದರೆ ಮಾತ್ರ ಪೇಟೆಗೆಲ್ಲ ಕೇಳಬೇಕು!) ಒಳಗೆ ಮೂರು ಮರಿ. ಪುಕ್ಕ ಇನ್ನೂ ಸರಿಯಾಗಿ ಬಂದಿರಲಿಲ್ಲ.

"ಇವತ್ತು ಜಗಲಿ ಒಂದು ಬಿಡು ಮಾರಾಯ," ಎಂದೆ.

"ಬಿಡ್ಲಿಕ್ಕೆ ಆಗುವುದಿಲ್ಲ ಮಾಷ್ಟ್ರೇ. ಸೊಳ್ಳೆ ಕೂರುವುದೇ ಇಲ್ಲಿ."

ಅವನು ಹೇಳಿದ್ದು ಸರಿ. ಹೋದ ವರ್ಷ ನೆರಿಯ ಊರಿನಲ್ಲಿದ್ದಾಗ ನನ್ನ ಹೆಂಡತಿ ಗಿರಿಜೆಗೆ ಮಲೇರಿಯಾ ಬಂದಿತ್ತು. ಇದ್ದ ಕಂಬಳಿಯನ್ನೆಲ್ಲ ಹೊದೆಸಿದರೂ ಮಂಚವೇ ನಡುಗುತ್ತಿತ್ತು. ಹೊಟ್ಟೆಯಲ್ಲಿದ್ದ ಮಗು ಉಳಿಯಲಿಲ್ಲ. ಅಂಥ ಮನೆಯಲ್ಲಿ ಮದ್ದು ಬೇಡ ಎನ್ನಲು ನಾನು ಯಾರು?

ಗಿರಿಜೆ ಒಳಗಿಂದ ಬಂದು ಪಂಪಿನ ಎದುರೇ ನಿಂತಳು.

"ಮದ್ದು ಹೊಡೆಯಿರಿ, ನನಗೆ ಬೇಕು. ಸ್ವಲ್ಪ ತಡೆಯಿರಿ, ಡಬ್ಬಿ ಸರಿಸುವ."

ಎಷ್ಟು ದೂರ? ಅದೇ ಪ್ರಶ್ನೆ. ದೂರ ಇಟ್ಟರೆ ತಾಯಿಗೆ ಸಿಕ್ಕೀತೇ? ಹತ್ತಿರ ಇಟ್ಟರೆ ಮದ್ದು ಸಿಡಿಯದೇ? ಗಿರಿಜೆ ಎಲೆ ಅಲುಗದಂತೆ ಕೈ ಅಡ್ಡ ಹಿಡಿದಳು. ನಾನೂ ಇದ್ದಿನಬ್ಬನೂ ಡಬ್ಬಿ ಎತ್ತಿ ಅಂಗಳದ ದಾಸವಾಳದ ಬುಡಕ್ಕಿಟ್ಟು, ಜಗಲಿಗೆ ಮರಳಿದೆವು.

ಹಕ್ಕಿ ಬಂತು. ಕೊಕ್ಕಿನಲ್ಲಿ ಹಸಿರು ಹುಳ. ನೇರ ಗೋಡೆಯ ಬಳಿಗೆ ಹಾರಿತು. ಗೂಡೇ ಇಲ್ಲ! ಅದೇ ಜಾಗದಲ್ಲಿ ಸುತ್ತಿತು, ಮತ್ತೆ ಸುತ್ತಿತು. ಅಷ್ಟರಲ್ಲಿ ಮಾಡಿನ ತುದಿಗೆ ಒಂದು ಕಾಗೆ ಬಂದು ಕೂತು, ಕೊರಳು ಓರೆ ಮಾಡಿ ಕ್ರೋಟನ್ ಗಿಡವನ್ನೇ ನೋಡತೊಡಗಿತು. ಓಡಿಸಲು ಕೈ ಎತ್ತಿದರೆ ಸಿಂಪಿಗ ಹೆದರಿ ಹೋದೀತು. ಎತ್ತದಿದ್ದರೆ?

"ಯಾರೂ ಅಲುಗಬೇಡಿ," ಗಿರಿಜೆ ಪಿಸುಗುಟ್ಟಿದಳು.

ಆಗ ಮರಿಯೊಂದು ಚೀಂ ಎಂದಿತು. ಹಕ್ಕಿ ತಟ್ಟನೆ ತಿರುಗಿ ದಾಸವಾಳಕ್ಕೆ ಹಾರಿತು. ಬಾಲ ಸೆಟೆಸಿ ಒಂದು ಗಳಿಗೆ ನೋಡಿ, ಗೂಡಿನೊಳಗೆ ತಲೆ ತೂರಿಸಿತು. ಅದು ತುತ್ತು ಕೊಟ್ಟು ಹಾರಿದ್ದೇ ತಡ, ಇದ್ದಿನಬ್ಬ ಮುಂಡಾಸು ಬಿಚ್ಚಿ ಬೀಸಿ ಕಾಗೆಯನ್ನು ಅಟ್ಟಿದ. ಆಮೇಲೆ ಗೋಡೆಗೆ ಮದ್ದು ಹೊಡೆದು ಹೋದ.

ಮುಗಿಯಿತು ಅಂದುಕೊಂಡಿರಾ? ನಾವೂ ಹಾಗೇ ಅಂದುಕೊಂಡಿದ್ದೆವು.

ಸಂಜೆಯ ಹೊತ್ತಿಗೆ ಗೋಡೆಯಿಂದ ಸೊಳ್ಳೆ, ಪತಂಗ, ಜೇಡ ಎಲ್ಲ ಉದುರತೊಡಗಿದವು. ನೆಲದ ಮೇಲೆ ಒದ್ದಾಡುವ ಹುಳ! ಎಲೆ ಎಲೆ ಹುಡುಕುವ ಕಷ್ಟವೇ ಇಲ್ಲ. ಗಂಡು, ಹೆಣ್ಣು ಸಿಂಪಿಗ ಎರಡೂ ಜಗಲಿಗೇ ಇಳಿದು, ಮದ್ದು ತಾಗಿದ ಆ ಹುಳಗಳನ್ನೇ ಮರಿಗಳಿಗೆ ಒಯ್ಯತೊಡಗಿದವು. ಗಿರಿಜೆ ಹಿಡಿಸೂಡಿ ಹಿಡಿದು ಓಡಿದಳು. ಗುಡಿಸಿದಷ್ಟೂ ಹುಳ ಬಿದ್ದವು. ಓಡಿಸಿದಷ್ಟೂ ಹಕ್ಕಿಗಳು ಬಂದವು.

"ತಕ್ಕೊಂಡೇ ಹೋದವು," ಎಂದು ಹಿಡಿಸೂಡಿ ಬಿಸಾಡಿ ಅತ್ತುಬಿಟ್ಟಳು. ಮಗು ಹೋದಾಗಲೂ ನನ್ನೆದುರು ಅತ್ತವಳಲ್ಲ.

ಮರುದಿನ ಒಂದು ಮರಿ ಗೂಡಿನಲ್ಲೇ ತಣ್ಣಗಾಗಿತ್ತು. ಮದ್ದಿನಿಂದಲೋ? ಡಬ್ಬಿ ಸರಿಸಿದ್ದರಿಂದಲೋ? ಯಾರಿಗೆ ಗೊತ್ತು? ಉಳಿದೆರಡು ಮುಂದಿನ ವಾರ ಹಾರಿದವು.

ಮದ್ದು ಬೇಡ ಎಂದು ಗಿರಿಜೆ ಈಗಲೂ ಹೇಳುವುದಿಲ್ಲ. ನಾನೂ ಹೇಳಲಾರೆ. ಆದರೆ ಇದು ಸೊಳ್ಳೆ, ಇದು ಸಿಂಪಿಗನ ಮರಿಯ ತುತ್ತು ಎಂದು ಆ ಮದ್ದಿಗೆ ತಿಳಿಸಿ ಹೇಳುವವರು ಯಾರು?